ಅಜ್ಜಿಯ ಸಾಂಬ್ರಾಣಿ ಹೊಗೆ ಮತ್ತು ನನ್ನ ಕ್ಯಾಮೆರಾ

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಪತ್ರದಲ್ಲಿ ಹಿರಿಯರೊಬ್ಬರು ಬರೆದಿದ್ದರು. ಈಗಿನ ಹುಡುಗರು ದೇವಸ್ಥಾನಕ್ಕೆ ಹೋದರೂ ಕೈ ಮುಗಿಯುವುದಿಲ್ಲ, ಫೋಟೊ ಹೊಡ್ಕೊಂಡು ಬರ್ತಾರೆ ಅಷ್ಟೇ ಅಂತ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ನನ್ನ ವಿಷಯದಲ್ಲಿ ಆಗಿದ್ದು ಪೂರ್ತಿ ಉಲ್ಟಾ. ಕೈ ಮುಗಿಯುವುದನ್ನೇ ಬಿಟ್ಟಿದ್ದ ನನ್ನನ್ನು ಮತ್ತೆ ದೇವರ ಗೂಡಿನ ಮುಂದೆ ನಿಲ್ಲಿಸಿದ್ದು ಕ್ಯಾಮೆರಾ. ಅದಕ್ಕೇ ಈ ಪತ್ರ.

ನನಗೆ 24 ವರ್ಷ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವನು. ಮೈಸೂರಿನಲ್ಲಿ ಮದುವೆ ಫೋಟೊ, ವಿಡಿಯೊ ಕೆಲಸ ಮಾಡುತ್ತೇನೆ. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡರು. ಅದಕ್ಕೆ ಮುಂಚೆ ನಾವು ಹೊತ್ತ ಹರಕೆ ಒಂದೆರಡಲ್ಲ. ಚುಂಚನಗಿರಿಗೆ ಹೋದೆವು, ಮುತ್ತತ್ತಿಗೆ ಹೋದೆವು, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅವ್ವ ಅರಿಶಿನ ಕುಂಕುಮ ಇಟ್ಟುಕೊಂಡೇ ಹತ್ತಿದಳು. ಅಪ್ಪ ಉಳಿಯಲಿಲ್ಲ. ಆಮೇಲೆ ನಾನು ಯಾವ ಗುಡಿಗೂ ಕಾಲಿಡಲಿಲ್ಲ. ಓದೂ ಅಲ್ಲಿಗೇ ನಿಂತಿತು, ಪರಿಚಯದವರೊಬ್ಬರ ಸ್ಟುಡಿಯೊದಲ್ಲಿ ಲೈಟ್ ಹಿಡಿಯೋ ಕೆಲಸಕ್ಕೆ ಸೇರಿದೆ.

ಲೈಟ್ ಹಿಡಿಯೋದು ಅಂದರೆ ಕೈ ನೋಯಿಸಿಕೊಂಡು ಸುಮ್ನೆ ನಿಲ್ಲೋದು. ಆದರೆ ನಿಂತಲ್ಲಿಂದ ತುಂಬಾ ಕಾಣುತ್ತದೆ. ಧಾರೆ ಹೊತ್ತಿಗೆ ಮಂಟಪದಲ್ಲಿ ಎಲ್ಲರ ಕಣ್ಣೂ ಹೆಣ್ಣು ಗಂಡಿನ ಮೇಲೆ. ನನ್ನ ಜಾಗದಿಂದ ಕಾಣುತ್ತಿದ್ದದ್ದು ಹಾಲು ಬಿಡುವವರ ಕೈ. ಗಟ್ಟಿಮುಟ್ಟಾದ ರೈತರ ಕೈ, ಆ ಒಂದು ಚೊಂಬು ಹಿಡಿಯಲಾಗದೆ ನಡುಗುತ್ತಿರುತ್ತಿತ್ತು. ನಂಗೆ ಫೋಟೊ ಹುಚ್ಚು ಹಿಡಿದದ್ದು ಅಲ್ಲಿ.

ಸ್ಟುಡಿಯೊದ ಹಿರಿಯರೊಬ್ಬರು ಊಟದ ಹೊತ್ತಿನಲ್ಲಿ ವಿ.ಕೆ. ಮೂರ್ತಿಯವರ ವಿಷಯ ಹೇಳುತ್ತಿದ್ದರು. ನಮ್ಮ ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. 1959ರಲ್ಲಿ ಬಂದ ದೇಶದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರದಲ್ಲಿ ಅವರು ಎರಡು ದೊಡ್ಡ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೊ ಒಳಕ್ಕೆ ತಿರುಗಿಸಿದರಂತೆ. ಆ ಬೆಳಕಿನ ಕೋಲು ಈಗಲೂ ಹೆಸರುವಾಸಿ. ಕನ್ನಡಿ ತಾನೇ, ನಮ್ಮನೆಯಲ್ಲೂ ಇದೆಯಲ್ಲ ಅನ್ನಿಸಿತು.

ಒಂದು ಶನಿವಾರ ಬೆಳಿಗ್ಗೆ ಊರಿಗೆ ಹೋದವನೇ ಬೀರುವಿನ ಕನ್ನಡಿ ಬಿಚ್ಚಿ ಅಂಗಳದಲ್ಲಿಟ್ಟೆ. ಅಜ್ಜಿ "ಅದೇನ್ಲಾ ಮಗ, ಒಡ್ದೋಯ್ತದೆ ನೋಡ್ಕೊ" ಅಂತ ಒಳಗಿಂದಲೇ ಕೂಗುತ್ತಿದ್ದಳು. ನಮ್ಮದು ಹಳೇ ಹೆಂಚಿನ ಮನೆ, ನಡುಮನೆ ಹಗಲಲ್ಲೂ ಕತ್ತಲು. ಕನ್ನಡಿಯನ್ನು ಅತ್ತಿತ್ತ ತಿರುಗಿಸಿ ಬಿಸಿಲನ್ನೇನೋ ಬಾಗಿಲಿಂದ ಒಳಕ್ಕೆ ತಂದೆ, ಆದರೆ ಗೋಡೆ ಮೇಲೆ ಒಂದು ಬಿಳಿ ಚೌಕ ಬಿದ್ದದ್ದು ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಕೋಲೂ ಇಲ್ಲ, ಗೀಲೂ ಇಲ್ಲ. ಅರ್ಧ ಗಂಟೆ ಒದ್ದಾಡಿದೆ. ಅಷ್ಟರಲ್ಲಿ ಅಜ್ಜಿ ಶನಿವಾರದ ಪೂಜೆ ಅಂತ ಕೆಂಡಕ್ಕೆ ಸಾಂಬ್ರಾಣಿ ಹಾಕಿಕೊಂಡು ಒಳಗೆ ಬಂದಳು. ಹೊಗೆ ಎದ್ದಿತು ನೋಡಿ, ಬಾಗಿಲಿಂದ ದೇವರ ಗೂಡಿನವರೆಗೆ ಬೆಳಕು ತೊಲೆಯ ಹಾಗೆ ನಿಂತಿತು! ಅದರ ನಡುವೆ ಅಜ್ಜಿ, ಅವಳ ಬಿಳಿ ಕೂದಲು, ಕೈಯಲ್ಲಿ ಕೆಂಡ. ಗೂಡಿನಲ್ಲಿ ಚೆಲುವರಾಯಸ್ವಾಮಿಯ ಹಳೇ ಪಟ. ಬೆಳಕು ಆಗಲೂ ಅಲ್ಲೇ ಇತ್ತು, ಹೊಗೆ ಬಂದ ಮೇಲೆ ನನಗೆ ಕಂಡಿತು. ಮೈ ಜುಂ ಅಂತು. ರೆಕಾರ್ಡ್ ಒತ್ತೋದು ಮರೆತಿದ್ದೆ, ಅಜ್ಜಿಗೆ ಇನ್ನೊಂದು ಸಲ ಸಾಂಬ್ರಾಣಿ ಹಾಕು ಅಂತ ಕೇಳಿಕೊಂಡು ತೆಗೆದೆ.

ಅಲ್ಲಿಂದ ಅವಳ ಮೇಲೇ ಒಂದು ಕಿರುಚಿತ್ರ ಮಾಡೋಣ ಅಂತ ಹೊರಟೆ. ಅಜ್ಜಿ ಮುಸ್ಸಂಜೆ ದೀಪ ಹಚ್ಚೋದನ್ನು ತೆಗೆಯೋದು ಸುಲಭ ಅಲ್ಲ. ಕ್ಯಾಮೆರಾವನ್ನು ಮುಖದ ಬೆಳಕಿಗೆ ಸರಿಹೊಂದಿಸಿದರೆ ದೀಪದ ಕುಡಿ ಬರೀ ಬಿಳಿ ಚುಕ್ಕೆ ಆಗುತ್ತದೆ, ಕುಡಿಗೆ ಸರಿಹೊಂದಿಸಿದರೆ ಮುಖ ಕತ್ತಲಲ್ಲಿ ಮುಳುಗುತ್ತದೆ. ಒಂದು ಲೆನ್ಸ್ ಬಾಡಿಗೆಗೆ ತಂದೆ. ಒಂಬತ್ತು ಸಂಜೆ ತೆಗೆದೆ. ಅವಳ ಸೆರಗಿಗೆ ಒಂದು ಸಣ್ಣ ಮೈಕ್ ಸಿಕ್ಕಿಸಿದ್ದೆ.

ಎಡಿಟಿಂಗ್‌ಗೆ ಕೂತು ಇಯರ್‌ಫೋನ್ ಹಾಕಿದಾಗ ಗೊತ್ತಾಯಿತು. ಚಿಕ್ಕಂದಿನಿಂದ ಅವಳ ತುಟಿ ಅಲ್ಲಾಡೋದು ನೋಡಿದ್ದೇನೆ, ಏನೋ ಮಂತ್ರ ಅಂದ್ಕೊಂಡಿದ್ದೆ. ಮಂತ್ರ ಅಲ್ಲ, ಹೆಸರುಗಳು! ಅವ್ವನ ಹೆಸರು, ನನ್ನ ಹೆಸರು, ಕೊಟ್ಟಿಗೆಯ ಹಸುವಿನ ಹೆಸರು. ಪಕ್ಕದ ಜಮೀನಿನವರ ಹೆಸರೂ ಇತ್ತು. ಬದುವಿನ ಜಗಳಕ್ಕೆ ಅವರಿಗೂ ನಮಗೂ ಎಂಟು ವರ್ಷದಿಂದ ಮಾತಿಲ್ಲ, ಅಜ್ಜಿ ಮಾತ್ರ ದಿನಾ "ಅವನ ಮಕ್ಳೂ ಚೆನ್ನಾಗಿರ್ಲಿ ಕಣಪ್ಪ" ಅನ್ನುತ್ತಿದ್ದಾಳೆ. ಕೊನೆಗೆ ಅಪ್ಪನ ಹೆಸರು. "ನನ್ ಮಗ ಎಲ್ಲವ್ನೋ, ಅವನ್ನೂ ನೋಡ್ಕೊ." ಮಗನನ್ನು ಕಳೆದುಕೊಂಡವಳು ಅದೇ ದೇವರ ಹತ್ತಿರ ಅವನನ್ನು ನೋಡ್ಕೊ ಅಂತಿದ್ದಾಳೆ, ಒಂಬತ್ತು ಸಂಜೆಯೂ. ನಾನು ಇಯರ್‌ಫೋನ್ ತೆಗೆದಿಟ್ಟು ಅತ್ತೆ. ಅಪ್ಪ ಯಾಕೆ ಉಳಿಯಲಿಲ್ಲ ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ಶನಿವಾರ ಊರಿಗೆ ಹೋದಾಗ ಕೆಂಡದ ತಟ್ಟೆ ನಾನೇ ಹಿಡಿದೆ, ಈಗಲೂ ಹಿಡಿಯುತ್ತೇನೆ.

ಏಳು ನಿಮಿಷದ ಆ ಚಿತ್ರವನ್ನು ನಮ್ಮೂರ ಮಾರಿಗುಡಿ ಗೋಡೆಗೆ ಪಂಚೆ ಕಟ್ಟಿ ತೋರಿಸಿದೆ. ಆ ಪಕ್ಕದ ಜಮೀನಿನವರಿಗೆ ಮೊದಲೇ ಹೇಳಿ, ಅವರು ಒಪ್ಪಿದ ಮೇಲೇ ತೋರಿಸಿದ್ದು. ಅವರೂ ಬಂದು ಹಿಂದೆ ಬೇವಿನ ಮರದ ಹತ್ತಿರ ಕೊನೆವರೆಗೂ ನಿಂತಿದ್ದರು.

ಈಗ ನನ್ನ ಕೋರಿಕೆ. ನನ್ನ ಹಾಗೆ ಚಿತ್ರ ಮಾಡುವವರು ಮೈಸೂರು, ಮಂಡ್ಯ ಈ ಎರಡು ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬಳು ಮಂಡ್ಯದ ಆಲೆಮನೆಯಲ್ಲಿ ರಾತ್ರಿಯೆಲ್ಲ ಕೂತು ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋದನ್ನು ತೆಗೆದಿದ್ದಾಳೆ. ಇನ್ನೊಬ್ಬ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಮನೆ ಮುಂದಿನ ಮರದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಮಗಳಂತೆ ನೋಡಿಕೊಳ್ಳುವ ಹೆಂಗಸರನ್ನು ಮಾತಾಡಿಸಿದ್ದಾನೆ. ಇವನ್ನೆಲ್ಲ ತೋರಿಸೋಕೆ ಜಾಗ ಎಲ್ಲಿದೆ? ಫೋನಿನಲ್ಲಿ ಹಾಕಿದರೆ ಜನ ಹತ್ತು ಸೆಕೆಂಡಿಗೆ ಬೆರಳಲ್ಲಿ ತಳ್ಳಿ ಮುಂದೆ ಹೋಗುತ್ತಾರೆ. ಹತ್ತು ಜನ ಒಟ್ಟಿಗೆ ಕತ್ತಲಲ್ಲಿ ಕೂತು ನೋಡೋದೇ ಬೇರೆ, ಅಲ್ವಾ? ಮೈಸೂರಿನ ರಂಗಾಯಣದ ಬಹುರೂಪಿ ನಾಟಕೋತ್ಸವದಲ್ಲಿ ಸಿನಿಮಾ ತೋರಿಸುತ್ತಾರೆ, ನಾನೂ ಹೋಗಿ ನೋಡಿದ್ದೇನೆ, ಆದರೆ ಅದು ದಿನಾ ನಡೆಯುವಂಥದ್ದಲ್ಲ. ಜನಸಾಮಾನ್ಯರ ಫೋಟೊ ತೆಗೆದೇ 1977ರಲ್ಲಿ ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ ಅವರ ಊರು ಈ ಮೈಸೂರು. ಇಲ್ಲಿ ಹುಡುಗರ ಚಿತ್ರಕ್ಕೆ ತಿಂಗಳಿಗೊಂದು ಸಂಜೆ ಜಾಸ್ತಿ ಆಗಲಾರದು.

ಕಲಾಮಂದಿರದ ಕಿರುರಂಗಮಂದಿರವನ್ನು, ಅದಾಗದಿದ್ದರೆ ಯಾವುದಾದರೂ ಕಾಲೇಜಿನ ಸಭಾಂಗಣವನ್ನು, ತಿಂಗಳಲ್ಲಿ ಒಂದು ಭಾನುವಾರ ಎರಡು ಗಂಟೆ ಬಾಡಿಗೆ ಇಲ್ಲದೆ ಕೊಡಿಸಲು ಸಂಬಂಧಪಟ್ಟವರು ಮನಸ್ಸು ಮಾಡಬೇಕು. ಪತ್ರ ಬರೆದ ಆ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಆಸೆ ನನಗಿದೆ. ಪ್ರೊಜೆಕ್ಟರ್ ನಮ್ಮ ಹತ್ತಿರವೇ ಇದೆ, ಕುರ್ಚಿ ನಾವೇ ಜೋಡಿಸುತ್ತೇವೆ, ಕರೆಂಟ್ ಮತ್ತು ಒಂದು ಬಿಳಿ ಗೋಡೆ ಕೊಟ್ಟರೆ ಸಾಕು.

ಇತಿ,
ನಿಮ್ಮ ಓದುಗ, ಮೈಸೂರು