ಸರ್ವರ್ ಅಣ್ಣನಿಗೆ, ಮತ್ತೆ ಉಳಿದವರಿಗೂ

ಅಡಿಕೆ ಮಂಡಿಯವರ ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಇವತ್ತು ಬೆಳಿಗ್ಗೆ ಅವರದೇ ಹೆಸರಿಗೆ, ಅವರದೇ ಇಮೇಲಿಗೆ ವರ್ಗವಾಯಿತು. ಅದೇ ಕೊನೆಯದು. ಈಗ ನಮ್ಮ ವೆಬ್‌ಸೈಟ್ ಏಜೆನ್ಸಿ ನೋಡಿಕೊಳ್ಳುವ ಯಾವ ಡೊಮೇನೂ ನಮ್ಮ ಹೆಸರಿನಲ್ಲಿಲ್ಲ, ಎರಡು ಸೈಟು ಒಂದೇ ಹೋಸ್ಟಿಂಗ್ ಖಾತೆಯಲ್ಲಿ (ಸೈಟು ಇಡಲು ಬಾಡಿಗೆಗೆ ಪಡೆದ ಸರ್ವರ್ ಜಾಗ) ಇಲ್ಲ, ಯಾರ ಇಮೇಲೂ ವೆಬ್‌ಸೈಟ್ ಇರುವ ಸರ್ವರಿನಲ್ಲಿಲ್ಲ. ಶಿವಮೊಗ್ಗದ ಮಹಡಿ ಮೇಲಿನ ಒಂದು ಸಣ್ಣ ಆಫೀಸಿಗೆ ಇದು ದೊಡ್ಡ ಸಂಗತಿಯೇ. ಮಳೆಗಾಲದ ಒಂದು ರಾತ್ರಿ, ಒಂದೇ ಖಾತೆಯಲ್ಲಿದ್ದ ನಮ್ಮ ಗ್ರಾಹಕರ ಸೈಟುಗಳು ಹ್ಯಾಕ್ ಆಗಿ ಏನೇನಾಯಿತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. ಯಾರು ಏನು ಮಾಡಿದರು ಅನ್ನುವುದನ್ನು ಮಾತ್ರ ಬರೆದಿಡಬೇಕು.

ಮೊದಲು ಸರ್ವರ್ ಅಣ್ಣ. ಹೆಸರು ಹಾಕಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದ್ದಾರೆ, ಹಾಗಾಗಿ ಆಫೀಸಿನಲ್ಲಿ ಕರೆಯುವ ಹೆಸರೇ ಇಲ್ಲಿಗೂ. ಹಗಲು ಬೇರೆ ಕಡೆ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸ. ಆ ರಾತ್ರಿ ಬಂದು ಕೂತವರು ಮೊದಲು ಹೇಳಿದ್ದು, "ಯಾರೂ ಏನೂ ಡಿಲೀಟ್ ಮಾಡಬೇಡಿ."

ಹ್ಯಾಕ್ ಆದ ಸೈಟು ಕಂಡಾಗ ಎಲ್ಲರ ಕೈಯೂ ಹೋಗುವುದು ಡಿಲೀಟ್ ಬಟನ್‌ಗೆ, ಇಲ್ಲವೇ ಹಳೆಯ ಬ್ಯಾಕಪ್ಪಿಗೆ. ಕೆಟ್ಟ ಫೈಲು ಯಾವಾಗ ಬಂತು, ಯಾವ ದಾರಿಯಲ್ಲಿ ಬಂತು ಅನ್ನುವ ಸುಳಿವು ಇರುವುದು ಫೈಲಿನ ತಾರೀಖಿನಲ್ಲಿ ಮತ್ತು ಆಕ್ಸೆಸ್ ಲಾಗ್‌ನಲ್ಲಿ (ಸೈಟಿಗೆ ಯಾರು ಯಾವಾಗ ಬಂದರು ಅನ್ನುವ ದಾಖಲೆ). ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಆ ಲಾಗ್ ಬಹಳ ದಿನ ಉಳಿಯುವುದೂ ಇಲ್ಲ. ಬಂದ ದಿನ ಗೊತ್ತಿಲ್ಲದೆ ಬ್ಯಾಕಪ್ ಹಾಕಿದರೆ ಆ ಬ್ಯಾಕಪ್ಪಿನೊಳಗೇ ಅದು ಕೂತಿರಬಹುದು. ಆದ್ದರಿಂದ ಫೈಲು, ಡೇಟಾಬೇಸು, ಲಾಗು ಮೂರನ್ನೂ ಇದ್ದ ಹಾಗೇ ನಕಲು ತೆಗೆದು ಬೇರೆ ಡಿಸ್ಕಿಗೆ ಹಾಕಿದರು. ಆಮೇಲೆ ಎಲ್ಲ ಸೈಟಿಗೂ 503 ಪುಟ, ಅಂದರೆ ಸದ್ಯಕ್ಕೆ ಸೇವೆ ಇಲ್ಲ ಅನ್ನುವ ಕೋಡು. "ದುರಸ್ತಿ ನಡೆಯುತ್ತಿದೆ" ಅನ್ನುವ ಪುಟವನ್ನು ಎಲ್ಲ ಸರಿ ಇದೆ ಅನ್ನುವ ಮಾಮೂಲಿ 200 ಕೋಡಿನಲ್ಲಿ ಕೊಟ್ಟರೆ ಗೂಗಲ್ ಅದನ್ನೇ ಸೈಟಿನ ಹೊಸ ವಿಷಯ ಅಂದುಕೊಳ್ಳುತ್ತದೆ. 503 ಕೊಟ್ಟರೆ ಆಮೇಲೆ ಬರೋಣ ಅಂತ ವಾಪಸ್ ಹೋಗುತ್ತದೆ. ಅದೂ ಕೆಲವೇ ದಿನ. ವಾರಗಟ್ಟಲೆ ಹಾಗೇ ಬಿಟ್ಟರೆ ಪುಟಗಳನ್ನು ಪಟ್ಟಿಯಿಂದ ತೆಗೆದೇ ಹಾಕುತ್ತದೆ.

ಹುಡುಕಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ, ಇದೇ ಕಸುಬಿನಲ್ಲಿರುವ ಬೇರೆಯವರಿಗೆ ಬೇಕಾಗಬಹುದು. ವರ್ಡ್‌ಪ್ರೆಸ್ಸಿನ (ಈ ಸೈಟುಗಳನ್ನು ಕಟ್ಟಿದ ತಂತ್ರಾಂಶ) ಮೂಲ ಫೈಲುಗಳನ್ನು ಡಬ್ಲ್ಯೂಪಿ-ಸಿಎಲ್‌ಐನ (ಅದನ್ನು ಕಮಾಂಡ್ ಟೈಪ್ ಮಾಡಿ ನಡೆಸುವ ಸಾಧನ) ಚೆಕ್‌ಸಮ್ ಕಮಾಂಡಿನಲ್ಲಿ ತಾಳೆ ನೋಡುವುದು ಮೊದಲು. ಅಧಿಕೃತ ಪ್ರತಿಗೂ ನಿಮ್ಮಲ್ಲಿರುವುದಕ್ಕೂ ಒಂದಕ್ಷರ ವ್ಯತ್ಯಾಸ ಇದ್ದರೂ ಹೇಳುತ್ತದೆ. ಆಮೇಲೆ ಅಪ್‌ಲೋಡ್ಸ್ ಫೋಲ್ಡರ್. ಅಲ್ಲಿ ಇರಬೇಕಾದ್ದು ಚಿತ್ರ, ಪಿಡಿಎಫ್. ಪಿಎಚ್‌ಪಿ (ಸರ್ವರಿನಲ್ಲಿ ಓಡುವ ಕೋಡು) ಫೈಲು ಕಂಡಿತೋ, ಅನುಮಾನಿಸಲೇಬೇಕು. ಮೂರನೆಯದು ಎಂಯು-ಪ್ಲಗಿನ್ಸ್ ಫೋಲ್ಡರ್. ಅದರೊಳಗಿನ ಫೈಲು ಆಕ್ಟಿವೇಟ್ ಮಾಡದೆಯೇ ಓಡುತ್ತದೆ, ಡ್ಯಾಶ್‌ಬೋರ್ಡಿನಿಂದ ಆಫ್ ಮಾಡಲೂ ಬರುವುದಿಲ್ಲ. ಇಷ್ಟೆಲ್ಲ ತೊಳೆದರೂ ಸ್ವಲ್ಪ ಹೊತ್ತಿಗೆ ಅದೇ ಫೈಲು ಮತ್ತೆ ಪ್ರತ್ಯಕ್ಷ. ಆಗ ಅಣ್ಣ ತೆರೆದದ್ದು ಕ್ರಾನ್ ಪಟ್ಟಿ, ಅಂದರೆ ನಿಗದಿತ ಹೊತ್ತಿಗೆ ತಾನಾಗೇ ನಡೆಯುವ ಕೆಲಸಗಳ ಪಟ್ಟಿ. ಅಲ್ಲಿತ್ತು ಒಂದು ಸಾಲು: ಐದೈದು ನಿಮಿಷಕ್ಕೆ ಹೊರಗಿನಿಂದ ಫೈಲು ಇಳಿಸಿಕೊಂಡು ಅದೇ ಜಾಗದಲ್ಲಿಡು ಅಂತ. ಕ್ರಾನ್ ತೆಗೆಯದೆ ಫೈಲು ಅಳಿಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಮೂಲ ಸಿಕ್ಕಿದ್ದು ಸೀರೆ ಅಂಗಡಿಯ ಸೈಟಿನಲ್ಲಿ. ಅದು ನಮ್ಮ ಕೈಗೆ ಬರುವುದಕ್ಕೆ ಮುಂಚೆ ಯಾರೋ ಹಾಕಿದ್ದ ಕಳ್ಳ ಥೀಮು (ಸೈಟಿನ ಸಿದ್ಧ ವಿನ್ಯಾಸ); ದುಡ್ಡು ಕೊಟ್ಟು ಕೊಳ್ಳಬೇಕಾದ್ದನ್ನು ಪುಕ್ಕಟೆ ಇಳಿಸಿಕೊಂಡದ್ದು, ಹಿಂಬಾಗಿಲು ಸಮೇತ. ಸೀರೆ ಅಂಗಡಿಯ ರೋಗ ನರ್ಸಿಂಗ್ ಹೋಮಿಗೆ, ಸಾಗರದ ಹೋಮ್‌ಸ್ಟೇಗೆ ಹೇಗೆ ಹೋಯಿತು? ಒಂದೇ ಹೋಸ್ಟಿಂಗ್ ಖಾತೆ ಅಂದರೆ ಲಿನಕ್ಸ್ ಲೆಕ್ಕದಲ್ಲಿ ಒಬ್ಬನೇ ಯೂಸರ್. ಒಂದು ಸೈಟಿನ ಪಿಎಚ್‌ಪಿಗೆ ಪಕ್ಕದ ಸೈಟಿನ ಫೋಲ್ಡರಿನಲ್ಲೂ ಬರೆಯುವ ಅನುಮತಿ ಇರುತ್ತದೆ. ಈಗ ಸೈಟಿಗೊಬ್ಬ ಯೂಸರ್, ಸೈಟಿಗೊಂದು ಡೇಟಾಬೇಸ್ ಪಾಸ್‌ವರ್ಡ್, ಅಪ್‌ಲೋಡ್ಸ್‌ನಲ್ಲಿ ಪಿಎಚ್‌ಪಿ ಓಡದಂತೆ ತಡೆ. ಕಾನ್ಫಿಗ್ ಫೈಲಿನ ಸಾಲ್ಟ್ ಕೀಗಳನ್ನು (ಲಾಗಿನ್ ಗುರುತನ್ನು ಕಾಯುವ ಗುಟ್ಟಿನ ಅಕ್ಷರಸಾಲುಗಳು) ಬದಲಿಸಿದರೆ ಲಾಗಿನ್ ಆಗಿ ಕೂತವರೆಲ್ಲ ಒಮ್ಮೆಗೇ ಹೊರಗೆ ಬೀಳುತ್ತಾರೆ, ಕಳ್ಳನೂ ಸೇರಿ. ಗೂಗಲ್ ಸರ್ಚ್ ಕನ್ಸೋಲನ್ನೂ (ಹುಡುಕಾಟದಲ್ಲಿ ಸೈಟು ಹೇಗೆ ಕಾಣುತ್ತಿದೆ ಅಂತ ಮಾಲೀಕರು ನೋಡುವ ಜಾಗ) ಮರೆಯಬಾರದು: ಸೈಟಿನಲ್ಲಿ ಒಂದು ಪರಿಶೀಲನೆ ಫೈಲು ಇಟ್ಟು ಕಳ್ಳರೇ ಅದರ ಮಾಲೀಕರಾಗಿ ಸೇರಿಕೊಂಡಿರುತ್ತಾರೆ. ಆ ಫೈಲು ಅಳಿಸದೆ ಯೂಸರನ್ನು ಮಾತ್ರ ತೆಗೆದರೆ ಮತ್ತೆ ಬಂದು ಸೇರುತ್ತಾರೆ.

ಇನ್ನೊಂದು ಉಪಕಾರ ಬಹಳ ಜನಕ್ಕೆ ಗೊತ್ತಿಲ್ಲ. ಡೇಟಾಬೇಸ್ ಹೊಸ ಸರ್ವರಿಗೆ ಹೋದಾಗ ಎರಡು ಸೈಟುಗಳ ಕನ್ನಡ ಎಕ್ಕುಟ್ಟಿ ಹೋಗಿತ್ತು. ಒಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ, ಇನ್ನೊಂದರಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ನೋಡುವವರಿಗೆ ಎರಡೂ ಒಂದೇ ಥರ ಹಾಳು. ಅಣ್ಣ ಚಿಹ್ನೆಗಳನ್ನು ಎಣಿಸಿದರು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಅದನ್ನು ಇಂಗ್ಲಿಷಿನಂಥ ಭಾಷೆಗಳ ಹಳೆಯ ಪದ್ಧತಿಯಾದ ಲ್ಯಾಟಿನ್-1 ಅಂತ ತಪ್ಪಾಗಿ ಓದಿದರೆ ಒಂದರ ಜಾಗದಲ್ಲಿ ಮೂರು ವಿಚಿತ್ರ ಗುರುತು ಕಾಣುತ್ತವೆ. ಬೈಟುಗಳು ಅಲ್ಲೇ ಇವೆ, ಹಳೆಯ ಸರ್ವರಿನಿಂದ ಲ್ಯಾಟಿನ್-1 ಅಂತಲೇ ಹೇಳಿ ಡಂಪ್ (ಇಡೀ ಡೇಟಾಬೇಸಿನ ನಕಲು ಫೈಲು) ತೆಗೆದು, ಆ ಫೈಲಿನ ತಲೆಯಲ್ಲೂ ಟೇಬಲ್ ವಿವರಣೆಗಳಲ್ಲೂ ಯುಟಿಎಫ್8ಎಂಬಿ4 (ಯುಟಿಎಫ್-8ಕ್ಕೆ ಡೇಟಾಬೇಸಿನಲ್ಲಿರುವ ಹೆಸರು) ಅಂತ ತಿದ್ದಿ ಒಳಗೆ ಹಾಕಿದರೆ ಕನ್ನಡ ವಾಪಸ್. ಡೇಟಾಬೇಸಿನೊಳಗೇ ಒಂದರ ಜಾಗದಲ್ಲಿ ಒಂದೇ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಆ ಪ್ರತಿಯಲ್ಲಿ ಅಕ್ಷರ ಹೋಯಿತು ಅಂತಲೇ ಅರ್ಥ. ಅದನ್ನು ರಿಪೇರಿ ಮಾಡಲು ಕೂರುವುದು ದಂಡ, ಮೂಲಕ್ಕೇ ಹೋಗಬೇಕು. ರಾತ್ರಿ ಮೊದಲು ತೆಗೆದಿಟ್ಟ ನಕಲು ಕೆಲಸಕ್ಕೆ ಬಂದದ್ದು ಅಲ್ಲಿ. ಹೋಮ್‌ಸ್ಟೇ ಅಮ್ಮ ಕೈಯಾರೆ ಟೈಪ್ ಮಾಡಿದ್ದ ಅಡುಗೆ ಪುಟಗಳು, ಪತ್ರೊಡೆ, ಕಳಲೆ ಪಲ್ಯ, ಅಪ್ಪೆಹುಳಿ, ಒಂದೂ ಬಿಡದೆ ಉಳಿದವು.

ವಿಳಾಸ ಬದಲಿಸುವಾಗಲೂ ಡೇಟಾಬೇಸಿನಲ್ಲಿ ನೇರವಾಗಿ ಹುಡುಕಿ ತಿದ್ದಲು ಬಿಡಲಿಲ್ಲ. ವರ್ಡ್‌ಪ್ರೆಸ್ ಹಲವು ಸೆಟ್ಟಿಂಗುಗಳನ್ನು ಅಕ್ಷರಗಳ ಉದ್ದದ ಸಮೇತ ಕಟ್ಟಿಡುತ್ತದೆ. ಎಚ್‌ಟಿಟಿಪಿಗೆ ಒಂದು ಎಸ್ ಸೇರಿಸಿದರೂ ಬರೆದಿಟ್ಟ ಉದ್ದ ತಪ್ಪುತ್ತದೆ, ವಿಜೆಟ್ಟುಗಳು (ಪುಟದ ಬದಿಯ ಚಿಕ್ಕ ಭಾಗಗಳು) ಮಾಯವಾಗುತ್ತವೆ. ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆ ಉದ್ದವನ್ನೂ ಸರಿಮಾಡುತ್ತದೆ. ಮೊದಲು ಡ್ರೈ-ರನ್ (ಏನೂ ಬದಲಿಸದೆ ಪರೀಕ್ಷೆ ಮಾತ್ರ), ಆಮೇಲೆ ನಿಜವಾದದ್ದು.

ಬೆಳಗಿನ ಜಾವದ ಹೊತ್ತಿಗೆ ನರ್ಸಿಂಗ್ ಹೋಮಿನ ಮೇಲ್ ನಿಂತಿತು. ಹೋಸ್ಟಿಂಗ್ ಕಂಪನಿಯವರು ಖಾತೆಯನ್ನೇ ಮುಚ್ಚಿದ್ದರು. ಫೋನ್ ಎತ್ತುವವರಿಲ್ಲ, ದೂರಿನ ಟಿಕೆಟ್ಟಿಗೆ ಯಂತ್ರದ ಉತ್ತರ. ಸ್ಕ್ಯಾನ್ ರಿಪೋರ್ಟು, ಅಪಾಯಿಂಟ್‌ಮೆಂಟು ಎಲ್ಲ ಅದೇ ಮೇಲಿನಲ್ಲಿ. ಎಲ್ಲಿ ಯಾರಿಗೆ ಏನಾಗುತ್ತದೋ ಅಂತ ಹೊಟ್ಟೆ ತೊಳಸಿ ಬಂತು. ಸಾಕು, ಎಲ್ಲರ ದುಡ್ಡು ವಾಪಸ್ ಕೊಟ್ಟು ಬಾಗಿಲು ಹಾಕಿಬಿಡೋಣ ಅಂತ ಬಾಯಿಬಿಟ್ಟೇ ಅಂದದ್ದಾಯಿತು. ಸರ್ವರ್ ಅಣ್ಣ ಸಮಾಧಾನ ಹೇಳಲಿಲ್ಲ. ತಿರುಗಿಯೂ ನೋಡದೆ, "ಮುಂದಿನ ಸೈಟಿನ ಪಾಸ್‌ವರ್ಡ್ ಹೇಳಿ" ಅಂದರು. ಆ ಹೊತ್ತಿಗೆ ಬೇಕಿದ್ದದ್ದು ಅದೇ ಮಾತು, ಅಣ್ಣಾ.

ಮೇಲ್ ಎಬ್ಬಿಸಿದ್ದೂ ಅವರೇ. ಮೇಲ್ ಸೇವೆಯನ್ನು ಬೇರೆ ಕಡೆ ತೆರೆದು, ಮೇಲ್ ಯಾವ ಸರ್ವರಿಗೆ ಹೋಗಬೇಕು ಅನ್ನುವ ಎಂಎಕ್ಸ್ ದಾಖಲೆ ತಿರುಗಿಸಿ, ಡೊಮೇನಿನ ಹೆಸರಿನಲ್ಲಿ ಯಾರು ಮೇಲ್ ಕಳಿಸಬಹುದು ಅನ್ನುವ ಹಳೆಯ ಎಸ್‌ಪಿಎಫ್ ಸಾಲನ್ನೇ ತಿದ್ದಿದರು. ಪಕ್ಕದಲ್ಲಿ ಎರಡನೆಯದು ಹಾಕಲಿಲ್ಲ, ಯಾಕೆಂದರೆ ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ಇದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಇಮೇಲಿನ ಸಹಿಯನ್ನು ತಾಳೆ ನೋಡುವ ಡಿಕಿಮ್ ಕೀಯನ್ನು ಸೆಲೆಕ್ಟರ್ ಹೆಸರು (ಆ ಕೀಗೆ ಕೊಟ್ಟ ಗುರುತು) ಗೊತ್ತಿಲ್ಲದೆ ಹೊರಗಿನಿಂದ ಪಟ್ಟಿ ಮಾಡಲು ಆಗುವುದಿಲ್ಲ, ಡಿಎನ್‌ಎಸ್ (ಡೊಮೇನಿನ ವಿಳಾಸ ದಾಖಲೆಗಳ ಪಟ್ಟಿ) ಸ್ಥಳಾಂತರದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಅದೇ. 2024ರ ಫೆಬ್ರವರಿಯಿಂದ ಜಿಮೇಲಿಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಎರಡೂ ಬೇಕು, ಅದರ ಮೇಲೆ ಡಿಮಾರ್ಕ್, ಅಂದರೆ ಆ ಪರೀಕ್ಷೆಯಲ್ಲಿ ಸೋತ ಇಮೇಲನ್ನು ಏನು ಮಾಡಬೇಕು ಅನ್ನುವ ಸಾಲು. ಮುಂದಿನ ಸ್ಥಳಾಂತರಗಳಿಗೆಲ್ಲ ಒಂದು ದಿನ ಮೊದಲೇ ಟಿಟಿಎಲ್ಲನ್ನು (ಹಳೆಯ ದಾಖಲೆಯನ್ನು ಬೇರೆ ಸರ್ವರುಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ) 14400 ಸೆಕೆಂಡಿನಿಂದ 300ಕ್ಕೆ ಇಳಿಸಿಕೊಂಡೆವು. ಆ ರಾತ್ರಿ ಅದಕ್ಕೆ ಪುರುಸೊತ್ತಿರಲಿಲ್ಲ, ಹಳೆಯ ವಿಳಾಸ ಜಗತ್ತಿನಿಂದ ಮರೆಯಾಗಲು ನಾಲ್ಕು ಗಂಟೆ ಕಾಯಲೇಬೇಕಾಯಿತು.

ಇನ್ನು ಗ್ರಾಹಕರು. ನರ್ಸಿಂಗ್ ಹೋಮಿನ ರಿಸೆಪ್ಷನ್ ಮೇಡಂ ಬೈಯಲಿಲ್ಲ, ಬದಲಿಗೆ ಒಂದು ಪ್ರಶ್ನೆ ಕೇಳಿದರು: "ಡೊಮೇನ್ ರಿನ್ಯೂ ಮಾಡಿ ಅಂತ ಮೇಲ್ ಬರುತ್ತಲ್ಲ, ಅದು ಯಾವ ಐಡಿಗೆ ಬರುತ್ತೆ?" ಗ್ರಾಹಕರ ಖಾತೆಗಳ ಕೀಲಿಕೈ ಅವರಿಗೇ ಹಸ್ತಾಂತರ ಆಗಲು ಶುರುವಾದದ್ದೇ ಆ ಪ್ರಶ್ನೆಯಿಂದ. ಎಷ್ಟೋ ಕಡೆ ಡೊಮೇನ್ ಖಾತೆಯ ಇಮೇಲು ಅದೇ ಡೊಮೇನಿನದ್ದು. ಡೊಮೇನ್ ಅವಧಿ ಮುಗಿದರೆ ಮೇಲ್ ನಿಲ್ಲುತ್ತದೆ, ಮುಗಿದಿದೆ ಅಂತ ಹೇಳುವ ಇಮೇಲೂ ಅದರೊಂದಿಗೇ ನಿಲ್ಲುತ್ತದೆ. ಕಾರ್ಡು ಕೊಟ್ಟಿದ್ದೇವೆ, ತಾನಾಗೇ ಕಟ್ ಆಗುತ್ತದೆ ಅಂತ ಕೂರುವ ಹಾಗೂ ಇಲ್ಲ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ (ಕಾರ್ಡಿನಿಂದ ತಾನಾಗೇ ಹಣ ಕಟ್ ಆಗಲು ಕೊಡುವ ಒಪ್ಪಿಗೆಯದ್ದು) ಇದೆ, ಅದನ್ನು ಪಾಲಿಸದ ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಕಡೆಯ ಆಟೋ-ರಿನ್ಯೂವಲ್ ಭಾರತದ ಕಾರ್ಡಿನಲ್ಲಿ ಸದ್ದಿಲ್ಲದೆ ಸೋಲುತ್ತದೆ. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಹೆಚ್ಚೆಂದರೆ 45 ದಿನ ಇಟ್ಟುಕೊಳ್ಳಬಹುದು, ಆಮೇಲೆ 30 ದಿನ ದುಬಾರಿ ಶುಲ್ಕದ ರಿಡೆಂಪ್ಷನ್ (ಬಿಡಿಸಿಕೊಳ್ಳುವ ಅವಧಿ), ಮತ್ತೆ ಅಳಿಸುವ ಮುಂಚಿನ 5 ದಿನ, ಅಲ್ಲಿಗೆ ಯಾರು ಬೇಕಾದರೂ ಕೊಳ್ಳಬಹುದು. ಈಗ ಎಲ್ಲರಿಗೂ ಹೇಳುವುದಿಷ್ಟೇ: ಖಾತೆ ಮಾಲೀಕರ ಹೆಸರಿನಲ್ಲಿ, ಸಂಪರ್ಕಕ್ಕೆ ಬೇರೆಯದೇ ಇಮೇಲು, ಸಾಧ್ಯವಾದರೆ ಒಮ್ಮೆಗೇ ಹಲವು ವರ್ಷಕ್ಕೆ ಕಟ್ಟಿಬಿಡಿ, ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಮಾಲೀಕರು ನೀವು, ನಾವು ಮ್ಯಾನೇಜರ್ ಮಾತ್ರ. ಹೀಗೆ ಮಾಡಿದರೆ ಗ್ರಾಹಕರು ಬಿಟ್ಟುಹೋಗುವುದು ಸುಲಭವಾಗುವುದಿಲ್ಲವೇ ಅಂತ ಇದೇ ವೃತ್ತಿಯ ಗೆಳೆಯರೊಬ್ಬರು ಕೇಳಿದರು. ಆಗುತ್ತದೆ. ಆಗಲಿ ಬಿಡಿ.

ಇಂಟರ್ನ್‌ಶಿಪ್ಪಿಗೆ ಬಂದ ಹುಡುಗಿಗೆ ಒಂದು ವಿಶೇಷ ಥ್ಯಾಂಕ್ಸ್. ಹೊಸ ಸರ್ವರಿನಲ್ಲಿ ಪುಟ ಬೇಗ ತೆರೆಯಲಿ ಅಂತ ಫಾಂಟ್ ಕತ್ತರಿಸಿ ಸಣ್ಣದು ಮಾಡಿದಾಗ, ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿದೆ ಅಂತ ಉಳಿದವರು ಎದ್ದರು. ಅಲ್ಲಿ ಆ ಫಾಂಟ್ ಇನ್‌ಸ್ಟಾಲ್ ಆಗಿತ್ತಲ್ಲ. ಅವಳು ಅಮ್ಮನ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು "ರಾಷ್ಟ್ರೀಯ", "ಸ್ವಾತಂತ್ರ್ಯ", "ಅರ್ಘ್ಯ" ಮೂರೂ ಒಡೆದಿವೆ ಅಂತ ತೋರಿಸಿದಳು. ಒತ್ತಕ್ಷರದ ಆಕಾರಗಳಿಗೆ ಯೂನಿಕೋಡಿನಲ್ಲಿ ಸ್ವಂತ ಸಂಖ್ಯೆ ಇಲ್ಲ. ಫಾಂಟಿನೊಳಗಿನ ಜೋಡಣೆ ನಿಯಮಗಳನ್ನು ಕತ್ತರಿಸುವ ಸಾಧನ ಎಸೆದುಬಿಟ್ಟರೆ ಒತ್ತುಗಳು ಹೋಗಿ ಬರೀ ಹಲಂತ ಉಳಿಯುತ್ತದೆ. ಲೈನ್-ಹೈಟ್ (ಸಾಲಿನ ಎತ್ತರ) 1.6ಕ್ಕಿಂತ ಕೆಳಗೆ ಬೇಡ, ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಹೆಚ್ಚುವರಿ ಅಂತರ) ಸೊನ್ನೆ ಅನ್ನುವ ಚೀಟಿ ಗೋಡೆಗೆ ಅಂಟಿಸಿದ್ದೂ ಅವಳೇ.

ಬಾಕಿ ಬಿಲ್ಲು ಬರದೆ ಕೈ ಕಟ್ಟಿದ್ದಾಗ, ಉದ್ಯಮ್ ನೋಂದಣಿ ಇರುವ ಸಣ್ಣ ಸಂಸ್ಥೆಗೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಲೇಬೇಕು ಅಂತ ನೆನಪಿಸಿ ಪತ್ರ ಬರೆದುಕೊಟ್ಟ ಅಕೌಂಟೆಂಟ್ ಸಾಹೇಬರು, ಯುಪಿಎಸ್ ಹೊತ್ತು ತಂದ ಕೆಳಗಿನ ಜೆರಾಕ್ಸ್ ಅಂಗಡಿಯವರು, ಮನೆಯವರು, ಅಡ್ವಾನ್ಸ್ ಅಂತ ಒಂದು ವರ್ಷದ ನಿರ್ವಹಣೆ ಹಣ ಮೊದಲೇ ಹಾಕಿದ ಮಂಡಿ ಸಾಹುಕಾರರು, ಎಲ್ಲರಿಗೂ ನಮಸ್ಕಾರ.

ಸರ್ವರ್ ಅಣ್ಣಾ, ಬಿಲ್ ಕಳಿಸಿ ಅಂದಾಗಲೆಲ್ಲ "ನೋಡೋಣ ಬಿಡಿ" ಅನ್ನುತ್ತಿದ್ದೀರಿ. ಈ ತಿಂಗಳೊಳಗೆ ಕಳಿಸಿ, ಪ್ಯಾನ್ ನಂಬರ್ ಹಾಕುವುದು ಮರೆಯಬೇಡಿ, ಅಕೌಂಟೆಂಟ್ ಸಾಹೇಬರು ಟಿಡಿಎಸ್ಸಿಗೆ ಕೇಳುತ್ತಿದ್ದಾರೆ.