ಶಿಕಾಗೋದ 'ಜೇನ್' ಬಗ್ಗೆನೂ ಬರೀರಿ

ಸಂಪಾದಕರೇ, ಅಮೆರಿಕದ ಗರ್ಭಪಾತ ಕಾನೂನಿನ ಸುದ್ದಿ ಬಂದಾಗೆಲ್ಲ ಬರೀ ಕೋರ್ಟು, ಜಡ್ಜುಗಳ ಮಾತೇ ಆಗುತ್ತೆ, ಆದ್ರೆ ಗರ್ಭಪಾತ ಹೆಂಗಸರ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿದ 1973ರ ರೋ ವರ್ಸಸ್ ವೇಡ್ ತೀರ್ಪಿಗೆ ಮುಂಚೆ ಶಿಕಾಗೋದಲ್ಲಿ 'ಜೇನ್' ಅನ್ನೋ ಹೆಸರಲ್ಲಿ ಗುಟ್ಟಾಗಿ ಗರ್ಭಪಾತ ಮಾಡಿಸ್ತಿದ್ದ ಹೆಂಗಸರ ವಿಷ್ಯ ಯಾಕೆ ಯಾರೂ ಎತ್ತಲ್ಲ? ಫೋನ್ ಮಾಡಿದವರಿಗೆ ಧೈರ್ಯ ಹೇಳಿ, ಮೊದ್ಲು ಒಂದು ಅಪಾರ್ಟ್‌ಮೆಂಟಿಗೆ ಕರೆಸ್ಕೊಂಡು ಅಲ್ಲಿಂದ ಕಾರಲ್ಲಿ ಇನ್ನೊಂದು ಕಡೆ ಕರ್ಕೊಂಡು ಹೋಗೋರು. ಗರ್ಭಪಾತ ಮಾಡ್ತಿದ್ದವನು ತಾವು ನಂಬಿದ್ದ ಹಾಗೆ ಡಾಕ್ಟರೇ ಅಲ್ಲ ಅಂತ ಗೊತ್ತಾದ್ಮೇಲೆ ತಾವೇ ಕೆಲಸ ಕಲಿತು ಫೀಸೂ ಇಳಿಸಿದ್ರು (ಸರಿನೋ ತಪ್ಪೋ ಅನ್ನೋ ಜಗಳ ಆಮೇಲಿರ್ಲಿ). 1972ರ ಮೇ ತಿಂಗಳಲ್ಲಿ ರೇಡ್ ಆಗಿ 7 ಜನ ಅರೆಸ್ಟ್ ಆದಾಗ, ಪೊಲೀಸ್ ವ್ಯಾನಲ್ಲೇ ಪೇಷಂಟ್‌ಗಳ ಹೆಸರಿದ್ದ ಕಾರ್ಡುಗಳನ್ನ ಹರಿದು ನುಂಗಿದ್ರಂತೆ! ಇವರ ಬಗ್ಗೆ ಒಂದು ಪೂರ್ತಿ ಲೇಖನ ಹಾಕಿ.

— ನಿಮ್ಮ ಓದುಗರೊಬ್ಬರು