ಲಿಸ್ಟ್ ಹೋಯಿತು, ಲೆಕ್ಕ ಯಾರು ಇಡುತ್ತಾರೆ?

ಮಾನ್ಯ ಸಂಪಾದಕರೇ,

ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು ನಾನು. ಕೊನೆಯ ಐದಾರು ವರ್ಷ ನನ್ನ ಮೇಜಿನ ಹತ್ತಿರ ಪುಸ್ತಕ ಕೇಳಿ ಬಂದ ಅಧ್ಯಾಪಕರಿಗಿಂತ, "ಮೇಡಂ, ಈ ಜರ್ನಲ್ ಲಿಸ್ಟ್‌ನಲ್ಲಿ ಇದೆಯಾ ನೋಡಿ" ಎಂದು ಬಂದವರೇ ಜಾಸ್ತಿ. ಲಿಸ್ಟ್ ಅಂದರೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಒಪ್ಪಿದ ಸಂಶೋಧನಾ ಪತ್ರಿಕೆಗಳ ಕೇರ್ ಪಟ್ಟಿ. ಅದರಲ್ಲಿದ್ದ ಪತ್ರಿಕೆಯಲ್ಲಿ ಲೇಖನ ಬಂದರೆ ಬಡ್ತಿಗೆ ಪಾಯಿಂಟು ಸಿಗುತ್ತಿತ್ತು. ಇಲ್ಲದಿದ್ದರೆ ಅದು ಬರೀ ಕಾಗದ.

ಆ ಪಟ್ಟಿಯನ್ನು ನಿಲ್ಲಿಸಿರುವುದಾಗಿ ಯುಜಿಸಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಯಾವ ಪತ್ರಿಕೆ ಒಳ್ಳೆಯದು ಎನ್ನುವುದನ್ನು ಇನ್ನು ವಿಶ್ವವಿದ್ಯಾಲಯ, ಕಾಲೇಜುಗಳೇ ನೋಡಿಕೊಳ್ಳಬೇಕು. ನೋಡುವುದು ಹೇಗೆ ಎಂದು ಕೆಲವು ಮಾನದಂಡಗಳನ್ನೂ ಕೊಟ್ಟಿದೆ. ನನ್ನ ಜತೆ ಕೆಲಸ ಮಾಡಿದವರಲ್ಲಿ ಅರ್ಧ ಜನ "ಪೀಡೆ ತೊಲಗಿತು" ಅಂದರು, ಉಳಿದವರು ತಲೆ ಮೇಲೆ ಕೈ ಹೊತ್ತರು. ನನಗೆ ಎರಡೂ ಅನ್ನಿಸಲಿಲ್ಲ. ಬೇಕಾಗಿದ್ದ ಕೆಲಸವನ್ನು ಆ ಪಟ್ಟಿ ಮಾಡುತ್ತಲೇ ಇರಲಿಲ್ಲ.

ಪಟ್ಟಿಗಳ ಕತೆ ನೋಡಿ. 2017ರಲ್ಲಿ ಯುಜಿಸಿ ಮೊದಲು ಒಪ್ಪಿದ ಪತ್ರಿಕೆಗಳು 38,653. ಮರುವರ್ಷ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿದರು. 2019ರಲ್ಲಿ ಪುಣೆ ವಿಶ್ವವಿದ್ಯಾಲಯದಲ್ಲಿ ಕೇಂದ್ರ ಮಾಡಿಕೊಂಡು ಕೇರ್ ಪಟ್ಟಿ ಬಂತು. ಮೊದಲಿನದಕ್ಕಿಂತ ಬಿಗಿ ಇತ್ತು, ನಿಜ. ಆದರೆ ಬಾಗಿಲಿಗೆ ಬೀಗ ಹಾಕಿದ ಮೇಲೆ ಕಳ್ಳರು ಕೀಲಿಯ ನಕಲು ಮಾಡಿಸಿಕೊಂಡರು. ಪಟ್ಟಿಯಲ್ಲಿದ್ದ ಪತ್ರಿಕೆಯದೇ ಹೆಸರು, ಪತ್ರಿಕೆಯನ್ನು ಗುರುತಿಸುವ ಅದೇ ಐಎಸ್ಎಸ್ಎನ್ ಸಂಖ್ಯೆ ಹಾಕಿ ಬೇರೆ ವೆಬ್‌ಸೈಟ್ ತೆರೆಯುವುದು. ವಾಟ್ಸಾಪಿನಲ್ಲಿ "ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ" ಎಂದು ಮೆಸೇಜು. ನಮ್ಮ ಕಾಲೇಜಿನ ಕನ್ನಡ ವಿಭಾಗದ ಹುಡುಗಿಯೊಬ್ಬಳು, ಅತಿಥಿ ಉಪನ್ಯಾಸಕಿ, ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅಂಥ ಕಡೆ ಕಟ್ಟಿ ಬಂದಿದ್ದಳು. ಲೇಖನ ಚೆನ್ನಾಗಿತ್ತು, ನಾನೇ ಓದಿದ್ದೆ. ಪತ್ರಿಕೆ ಮಾತ್ರ ಸುಳ್ಳು. ಐಎಸ್ಎಸ್ಎನ್ ಅಂದರೆ ಗುಣಮಟ್ಟದ ಮುದ್ರೆ ಎಂದು ಅವಳು ನಂಬಿದ್ದಳು. ಅದು ಮನೆ ಬಾಗಿಲ ನಂಬರಿನ ಥರ ಅಷ್ಟೇ. ಅರ್ಜಿ ಹಾಕಿದರೆ ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ.

ನಾನು ಹೇಳಬೇಕೆಂದಿರುವುದು ಬೇರೆ. ಪಟ್ಟಿ ಒಂದು, ಸೈಟೇಷನ್ ಇಂಡೆಕ್ಸ್ ಇನ್ನೊಂದು. ಯಾರ ಲೇಖನವನ್ನು ಮುಂದೆ ಯಾರು ಆಧಾರವಾಗಿ ಬಳಸಿದರು ಎನ್ನುವ ಲೆಕ್ಕ ಇಂಡೆಕ್ಸ್‌ನಲ್ಲಿ ಇರುತ್ತದೆ. ದೊಡ್ಡ ಅಂತರರಾಷ್ಟ್ರೀಯ ಇಂಡೆಕ್ಸ್‌ಗಳಿಗೆ ಕನ್ನಡ ಪತ್ರಿಕೆ ಹೋಗುವುದು ಕಷ್ಟ. ಅವುಗಳಲ್ಲೊಂದಾದ ಸ್ಕೋಪಸ್‌ಗೆ ಲೇಖನದ ಸಾರಾಂಶ ಇಂಗ್ಲಿಷಿನಲ್ಲಿ ಬೇಕು, ಆಕರಗಳ ಪಟ್ಟಿ ರೋಮನ್ ಲಿಪಿಯಲ್ಲಿ ಇರಬೇಕು. ಇಂಥ ತೊಂದರೆ ನಮಗೊಬ್ಬರಿಗೇ ಅಲ್ಲ. ಬ್ರೆಜಿಲ್‌ನವರು 1997ರಲ್ಲಿ ಬರೀ ಹತ್ತು ಪತ್ರಿಕೆ ಇಟ್ಟುಕೊಂಡು ಸೈಯೆಲೊ ಎನ್ನುವ ಆನ್‌ಲೈನ್ ಪತ್ರಿಕಾ ಭಂಡಾರ ಶುರು ಮಾಡಿದರು. ಪೋರ್ಚುಗೀಸ್ ಲೇಖನಗಳಿಗೂ ಅಲ್ಲಿ ಲೆಕ್ಕ ಸಿಕ್ಕಿತು. ಥಾಯ್ಲೆಂಡ್‌ನವರು 2001ರಲ್ಲಿ ತಮ್ಮದೇ ಇಂಡೆಕ್ಸ್ ಕಟ್ಟಿದರು. ಪತ್ರಿಕೆ ಸಮಯಕ್ಕೆ ಸರಿಯಾಗಿ ಬರುತ್ತದೆಯೇ, ಹೊರಗಿನ ತಿಳಿದವರು ಓದಿ ಒಪ್ಪಿದ ಲೇಖನವೇ, ಇಂಥವನ್ನೆಲ್ಲ ನೋಡಿ ಪತ್ರಿಕೆಗಳನ್ನು ದರ್ಜೆಗಳಲ್ಲಿ ಇಡುತ್ತಾರೆ. ಕೊರಿಯಾ, ಚೀನಾ, ರಷ್ಯಾಗಳಲ್ಲೂ ಇಂಥವು ಇವೆ. ನಮ್ಮಲ್ಲಿ ದೆಹಲಿಯಿಂದ ಇಂಡಿಯನ್ ಸೈಟೇಷನ್ ಇಂಡೆಕ್ಸ್ ಬಂದಿದೆ. ಆದರೆ ಕನ್ನಡ ಸಂಶೋಧನೆಯ ಲೆಕ್ಕ ಇಡುವವರು ಯಾರು?

ನಿವೃತ್ತಿಯಾದ ಮೇಲೆ ಹೊತ್ತು ಹೋಗಲಿ ಎಂದು ನಾನೇ ಒಂದು ಪ್ರಯತ್ನ ಮಾಡಿದೆ. ಮನೆಯಲ್ಲಿದ್ದ ಒಂದು ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ತೆಗೆದು, ಅಡಿಟಿಪ್ಪಣಿಗಳನ್ನೆಲ್ಲ ಹಳೇ ಕ್ಯಾಟಲಾಗ್ ಕಾರ್ಡುಗಳ ಹಿಂಬದಿಯಲ್ಲಿ ಬರೆಯುತ್ತಾ ಹೋದೆ. ಆಗ ಗೊತ್ತಾಯಿತು, ತಪ್ಪು ಬರೀ ಹೊರಗಿನವರದಲ್ಲ. ಒಬ್ಬರು "ಕುವೆಂಪು" ಎನ್ನುತ್ತಾರೆ, ಇನ್ನೊಬ್ಬರು "ಪುಟ್ಟಪ್ಪ ಕೆ.ವಿ." ಒಂದೇ ಸಂಚಿಕೆಯಲ್ಲಿ ಕಲಬುರ್ಗಿ, ಕಲಬುರಗಿ ಇಬ್ಬರಾಗಿದ್ದಾರೆ. ಚಿದಾನಂದಮೂರ್ತಿಯವರು ಒಂದು ಕಡೆ ಚ ಅಕ್ಷರದಡಿ, ಮತ್ತೊಂದು ಕಡೆ ಎಂ ಅಡಿ. ಶಾಸನದ ಲೇಖನವಾದರಂತೂ ದೇವರೇ ಗತಿ. "ಎ.ಕ. 5" ಎಂದು ಬರೆದು ಮುಂದೆ ಹೋಗುತ್ತಾರೆ. ಎ.ಕ. ಅಂದರೆ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ. ಬಿ.ಎಲ್. ರೈಸ್ ಅವರು ತಂದ ಅದರ ಮೊದಲ ಮುದ್ರಣದಲ್ಲಿ 5ನೇ ಸಂಪುಟ ಅಂದರೆ ನಮ್ಮ ಹಾಸನ ಜಿಲ್ಲೆ. ಮೈಸೂರಿನ ಪರಿಷ್ಕೃತ ಮುದ್ರಣದ 5ನೇ ಸಂಪುಟದಲ್ಲಿ ಇರುವುದು ಬೇರೆ ಸೀಮೆ. ಓದುವವರಿಗೇ ಗೊತ್ತಾಗದ್ದನ್ನು ಕಂಪ್ಯೂಟರ್ ಹೇಗೆ ಎಣಿಸುತ್ತದೆ? ಇನ್ನು "ಅದೇ", "ಮೇಲಿನದೇ" ಎನ್ನುವ ಅಡಿಟಿಪ್ಪಣಿಗಳು ಪುಟಗಟ್ಟಲೆ.

ಸಂಚಿಕೆಯ ವಿಷಯವೂ ಹಾಗೇ. ಜನವರಿ ಸಂಚಿಕೆ ಯುಗಾದಿ ಕಳೆದು ಬರುತ್ತದೆ. ಎರಡು ಸಂಚಿಕೆ ಒಟ್ಟಿಗೆ ಹೊಲಿದು "ಜಂಟಿ" ಎಂದು ಅಚ್ಚು ಹಾಕುತ್ತಾರೆ. ಲೇಖನ ಯಾವಾಗ ಬಂತು, ಯಾವಾಗ ಒಪ್ಪಿದರು ಎನ್ನುವ ತಾರೀಕು ಇಲ್ಲ. ಓದಿ ಒಪ್ಪಿದವರು ಯಾರು ಎಂದರೆ ಸಂಪಾದಕ ಮಂಡಳಿ ಅನ್ನುತ್ತಾರೆ. ಆ ಮಂಡಳಿಯಲ್ಲಿ ತೀರಿಕೊಂಡವರ ಹೆಸರೂ ಇರುತ್ತದೆ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಕೈಯಿಂದ ದುಡ್ಡು ಹಾಕಿ ಪತ್ರಿಕೆ ನಡೆಸುವವರ ಕಷ್ಟ ನನಗೂ ಗೊತ್ತು. ಆದರೆ ಇದರಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ, ಅಲ್ವಾ?

ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ರಾಜ್ಯ ಉನ್ನತ ಶಿಕ್ಷಣ ಪರಿಷತ್ತೋ ಯಾರಾದರೂ ಒಬ್ಬರು ಹತ್ತು ಕನ್ನಡ ಪತ್ರಿಕೆಗಳಿಂದ ಶುರು ಮಾಡಲಿ. ಮೊದಲು ಲೇಖಕರ ಹೆಸರುಗಳ ಒಂದು ಪಟ್ಟಿ ಆಗಬೇಕು, ಒಬ್ಬರಿಗೆ ಒಂದೇ ರೂಪ. ಆಕರ ಬರೆಯುವ ಒಂದೇ ಕ್ರಮ ಬೇಕು. ಪತ್ರಿಕೆಗಳನ್ನು ಆರಿಸುವ ನಿಯಮಗಳನ್ನು ಮುಂಚೆಯೇ ಎಲ್ಲರಿಗೂ ತಿಳಿಸಬೇಕು, ಬೇಡ ಅಂದ ಪತ್ರಿಕೆಗೆ ಯಾಕೆ ಬೇಡ ಎಂದು ಬರೆದು ತಿಳಿಸಬೇಕು. ಕಾಲೇಜು ಕಾಲೇಜಿಗೂ ಒಂದೊಂದು ಸಮಿತಿ ಮಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ನಾನು ಅಂಥ ಸಮಿತಿಗಳಲ್ಲಿ ಕೂತಿದ್ದೇನೆ. ಟೀ ಬರುವುದರೊಳಗೆ ಸಹಿ ಆಗಿರುತ್ತದೆ.

ನನ್ನ ಕಾರ್ಡುಗಳು ಎರಡು ಬಿಸ್ಕತ್ತಿನ ಡಬ್ಬದಲ್ಲಿವೆ. ಕೆಲಸ ಶುರು ಮಾಡುವವರು ಬಂದು ಒಯ್ಯಬಹುದು. ಕೈಬರಹ ಸುಮಾರಾಗಿದೆ. ಡಿ.ಎಲ್.ಎನ್. ಮತ್ತು ಡಿ.ಎಲ್. ನರಸಿಂಹಾಚಾರ್ ಕಾರ್ಡುಗಳನ್ನು ಇನ್ನೂ ಒಟ್ಟು ಮಾಡಿಲ್ಲ.

– ನಿವೃತ್ತ ಗ್ರಂಥಪಾಲಕಿ, ಅರಕಲಗೂಡು